ಶಾಖದ ಪಾಠ ಏನಾಯಿತು

ಆ ಮುದ್ರಣಾಲಯ ಈಗಿಲ್ಲ. ಅದಿದ್ದ ನೆಲಮಹಡಿಯಲ್ಲಿ ನಲ್ಲಿ, ಬೇಸಿನ್ನು, ಬಚ್ಚಲುಮನೆಯ ಹಂಚು ಮಾರುವ ಅಂಗಡಿ ಬಂದಿದೆ. ಗಾಜಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ ಸಾಕು, ಟೈ ಕಟ್ಟಿಕೊಂಡ ಒಬ್ಬರು ‘ಏನು ತೋರಿಸಲಿ ಮೇಡಂ?’ ಎಂದು ಬರುತ್ತಾರೆ. ಆ ಮುದ್ರಣಾಲಯದಲ್ಲಿ ಒಮ್ಮೆ ಕೆಲಸಕ್ಕಿದ್ದ ಅವಳಿಗೆ ಏನೂ ಬೇಕಿರುವುದಿಲ್ಲ. ಆದರೂ ಆ ಕಡೆ ಹೋದಾಗಲೆಲ್ಲ ಒಂದು ಸುತ್ತು ಹಾಕಿ, ಎರಡು ನಲ್ಲಿ ತಿರುಗಿಸಿ ನೋಡಿ, ‘ಮನೆಯವರನ್ನ ಕೇಳಿ ಬರ್ತೀನಿ’ ಎಂದು ಸುಳ್ಳು ಹೇಳಿ ಹೊರಬೀಳುತ್ತಾಳೆ. ಈಗ ಷವರುಗಳನ್ನು ನೇತುಹಾಕಿರುವ ಗೋಡೆಯಿದೆಯಲ್ಲ, ಅಲ್ಲಿ ಅವಳ ಕಂಪ್ಯೂಟರ್ ಇತ್ತು. ಕಮೋಡುಗಳನ್ನು ಸಾಲಾಗಿ ಕೂರಿಸಿರುವ ಕಡೆ ಮಾವ ಮತ್ತು ಅತ್ತೆ ಕೂರುತ್ತಿದ್ದರು. ಈ ಸುದ್ದಿ ಮುಟ್ಟಿದ್ದರೆ ಮಾವ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು, ಅತ್ತೆ ಅಂಗಡಿಯವರಿಗೆ ಮಂಗಳಾರತಿ ಎತ್ತುತ್ತಿದ್ದರು. ಇಬ್ಬರೂ ಈಗಿಲ್ಲ. ಅದಕ್ಕೇ ಅವಳಿಗೆ ಅಲ್ಲಿಗೆ ಹೋದರೆ ನಿಲ್ಲಲಾಗುವುದಿಲ್ಲ, ಹೋಗದಿದ್ದರೂ ಮನಸ್ಸು ತಡೆಯುವುದಿಲ್ಲ.

ಅದು ಬ್ರೈಲ್ ಪುಸ್ತಕಗಳ ಮುದ್ರಣಾಲಯ. ಕಣ್ಣು ಕಾಣದವರು ಬೆರಳಲ್ಲಿ ಓದುವ ಉಬ್ಬುಚುಕ್ಕಿಯ ಪುಸ್ತಕಗಳು. ಚುಕ್ಕಿ ಒತ್ತುವ ಯಂತ್ರಗಳು ಶುರುವಾದವೆಂದರೆ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದು. ಎದುರುಬದುರು ಕೂತವರು ಕೂಗಿಕೊಂಡೇ ಮಾತಾಡಬೇಕು. ಮಾವ ಅಲ್ಲಿನ ಕರಡು ತಿದ್ದುವವರು, ಹುಟ್ಟುಕುರುಡರು. ಅತ್ತೆ ಅವರ ಹೆಂಡತಿ, ಕಣ್ಣಿದ್ದವರು. ಅತ್ತೆ ಮೂಲ ಪುಸ್ತಕವನ್ನು ಗಟ್ಟಿಯಾಗಿ ಓದುವುದು, ಮಾವ ಚುಕ್ಕಿಗಳ ಮೇಲೆ ಬೆರಳು ಓಡಿಸುತ್ತ ತಪ್ಪು ಹಿಡಿಯುವುದು. ನಡುನಡುವೆ ‘ನೀನು ಅಲ್ಪವಿರಾಮ ನುಂಗಿದೆ’, ‘ನಾನ್ಯಾಕೆ ನುಂಗಲಿ, ನನಗೇನು ಮನೇಲಿ ಊಟ ಇಲ್ವಾ’ ಎಂದು ಜಗಳ. ಇಡೀ ಮುದ್ರಣಾಲಯಕ್ಕೆ ಅವರು ಮಾವ, ಅತ್ತೆ. ಯಾರ ಮಾವ ಎಂದು ಯಾರೂ ಕೇಳಿದವರಲ್ಲ.

ಅವಳು ಅಲ್ಲಿಗೆ ಕಂಪ್ಯೂಟರ್ ನೋಡಿಕೊಳ್ಳಲು ಸೇರಿದಾಗ ಓದು ಮುಗಿದು ಹೆಚ್ಚು ದಿನವಾಗಿರಲಿಲ್ಲ. ಕೊಂಬು ಮೂಡುವ ವಯಸ್ಸು. ಆ ಜಾಗಕ್ಕೊಂದು ಪದ್ಧತಿಯಿತ್ತು: ಕೋಣೆಯಿಂದ ಎದ್ದು ಹೋಗುವವರು ‘ನಾನು ಹೊರಟೆ’ ಎಂದು ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಕಣ್ಣು ಕಾಣದವರು ಇಲ್ಲದ ಮನುಷ್ಯರ ಜೊತೆ ಮಾತಾಡುತ್ತ ಕೂರಬೇಕಾಗುತ್ತದೆ. ಇದು ಅವಳ ತಲೆಗೇ ಹತ್ತುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಾವ ತಾವು ಮೊದಲ ಕೆಲಸ ಹುಡುಕಿದ ಕತೆಯನ್ನು ಆದಿಯಿಂದ ಅಂತ್ಯದವರೆಗೂ ಅವಳ ಕುರ್ಚಿಗೆ ಹೇಳಿದ್ದರು. ಅವಳು ಮೊದಲ ವಾಕ್ಯಕ್ಕೇ ಟೀ ಕುಡಿಯಲು ಎದ್ದು ಹೋಗಿದ್ದಳು. ವಾಪಸು ಬಂದಾಗ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅವಳು ನಾಲಿಗೆ ಕಚ್ಚಿಕೊಂಡಳು.

“ಪರವಾಗಿಲ್ಲ ಬಿಡು,” ಎಂದರು ಮಾವ. “ಕುರ್ಚಿ ನಿನಗಿಂತ ಚೆನ್ನಾಗಿ ಕೇಳಿಸಿಕೊಳ್ತು. ನಡುವೆ ಒಂದು ಸಲನೂ ಆಕಳಿಸಲಿಲ್ಲ.”

ಅವತ್ತಿನಿಂದ ಅವಳಿಗೆ ‘ಗಾಳಿ’ ಎಂದು ಹೆಸರಾಯಿತು. ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ.

ಗಾಳಿಗೆ ಅಲ್ಲಿ ಕಂಡ ದೊಡ್ಡ ಪೀಡೆಯೆಂದರೆ ಕಾಯುವುದು. ಬೆರಳಚ್ಚಿನವರು ಒಂದು ಪಾಠ ಟೈಪು ಮಾಡಿ ಬ್ರೈಲಿಗೆ ತಿರುಗಿಸಲು ಕೊಟ್ಟರೆ, ಅದು ಮುಗಿಯುವವರೆಗೆ ಪರದೆ ಕಲ್ಲಿನಂತೆ ನಿಲ್ಲುತ್ತಿತ್ತು. ಅವರು ಉಗುರು ನೋಡಿಕೊಳ್ಳುತ್ತ, ನಾದಿನಿಯರ ಸುದ್ದಿ ಹೇಳಿಕೊಳ್ಳುತ್ತ ಕೂರುತ್ತಿದ್ದರು. ಗಾಳಿ ಒಂದು ಹೊಸ ಪ್ರೋಗ್ರಾಂ ಬರೆದಳು. ಪಾಠ ಕೈಗೆ ಬಂದ ಕೂಡಲೇ ಅದು ತಿರುಗಿಸುವ ಕೆಲಸಕ್ಕೆ ಬೇರೊಂದು ಪ್ರೋಗ್ರಾಮನ್ನು ಹಿನ್ನೆಲೆಯಲ್ಲಿ ಓಡಲು ಬಿಟ್ಟು, ‘ಆಯ್ತು, ಮುಂದಿನದು ಕೊಡಿ’ ಎನ್ನುತ್ತಿತ್ತು. ಆ ಕಸುಬಿನಲ್ಲಿ ಹೀಗೆ ಇನ್ನೊಂದನ್ನು ಹೊರಡಿಸುವ ಪ್ರೋಗ್ರಾಮಿಗೆ ತಾಯಿ ಎಂದೂ ಹೊರಟದ್ದಕ್ಕೆ ಮಗು ಎಂದೂ ಕರೆಯುತ್ತಾರೆ. ಬೆರಳಚ್ಚಿನವರು ಗಾಳಿಯನ್ನು ಹೊಗಳಿದ್ದೇ ಹೊಗಳಿದ್ದು. ಅವಳು ನೆಲದ ಮೇಲೆ ನಡೆಯುವುದನ್ನೇ ಬಿಟ್ಟಳು.

ಆ ವರ್ಷ ಶಾಲೆಯ ಕೊನೆಯ ಪರೀಕ್ಷೆಗೆ ವಿಜ್ಞಾನದ ಹೊಸ ಪುಸ್ತಕ ಬಂದಿತ್ತು. ಅಂಧ ಮಕ್ಕಳ ಹಾಸ್ಟೆಲುಗಳಿಗೆ ಅದು ಪರೀಕ್ಷೆಗೆ ಮುಂಚೆ ಮುಟ್ಟಬೇಕು. ಬೇರೆಯವರಾದರೆ ಅಂಗಡಿಯಲ್ಲಿ ಕೊಂಡು, ಗೆಳೆಯರಿಂದ ತಂದು ಓದಿಯಾರು. ಈ ಮಕ್ಕಳಿಗೆ ಈ ಮುದ್ರಣಾಲಯ ಬಿಟ್ಟರೆ ಗತಿಯಿರಲಿಲ್ಲ. ಹಳೆಯ ಪುಸ್ತಕ ಓದಿಕೊಂಡು ಹೋದರೆ ಹೊಸ ಪ್ರಶ್ನೆಗೆ ಸೊನ್ನೆ. ಮೂಲ ಪ್ರತಿ ಸರಕಾರದಿಂದ ಬಂದದ್ದೇ ತಡವಾಗಿ, ಎಲ್ಲರಿಗೂ ಮೈಮೇಲೆ ಬಿಸಿನೀರು ಬಿದ್ದಂತಾಗಿತ್ತು.

ಅಂಥ ಹೊತ್ತಿನಲ್ಲಿ ಕಂಪ್ಯೂಟರ್ ಮುಷ್ಕರ ಹೂಡಿತು. ‘ಹೊಸ ಕೆಲಸ ಶುರು ಮಾಡಲು ಜಾಗವಿಲ್ಲ’ ಎಂದು ಒಂದೇ ಮಾತು. ಏನು ಕೇಳಿದರೂ ಅದೇ. ಗಾಳಿ ಹೇಗೋ ಒಳಗಿನ ಪಟ್ಟಿ ತೆರೆಸಿ ನೋಡಿದರೆ, ಅವಳು ಬರೆದ ತಾಯಿಯ ಕೆಳಗೆ ಮಕ್ಕಳ ಹೆಸರುಗಳು ಸಂತೆಯಂತೆ ತುಂಬಿವೆ! ಒಂದೂ ಕೆಲಸ ಮಾಡುತ್ತಿಲ್ಲ. ಎಲ್ಲವೂ ಎಂದೋ ಮುಗಿದವು, ಸತ್ತವು. ಪ್ರತಿಯೊಂದರ ಮುಂದೆ ‘ಜೋಂಬಿ’ ಎಂಬ ಗುರುತು.

“ಜೋಂಬಿ ಅಂದ್ರೆ ಏನೇ ಅದು?” ಎಂದು ಕೇಳಿದರು ಅತ್ತೆ.

“ಸತ್ತಿದೆ ಅತ್ತೆ, ಆದರೆ ಜಾಗ ಬಿಟ್ಟು ಹೋಗ್ತಿಲ್ಲ.”

“ಅಯ್ಯೋ, ಅಂಥವರು ನಮ್ಮ ವಂಶದಲ್ಲೂ ಇದ್ದಾರೆ. ಇವರ ಚಿಕ್ಕಪ್ಪನ ಕಡೆ.”

ಗಾಳಿ ಮೊದಲು ಮಾಡಿದ್ದು ಎಲ್ಲ ಹೊಸಬರೂ ಮಾಡುವ ಕೆಲಸ. ಕೊಲ್ಲುವ ಆಜ್ಞೆ ಕೊಟ್ಟಳು. ಸತ್ತದ್ದನ್ನು ಕೊಲ್ಲುವುದು ಹೇಗೆ? ಹೆಸರುಗಳು ಕೂತಲ್ಲಿಂದ ಅಲುಗಲಿಲ್ಲ. ಇನ್ನೂ ಗಟ್ಟಿಯಾಗಿ ಕೊಂದಳು, ಆಗಲೂ ಅಷ್ಟೇ. ಕೊನೆಗೆ ತಾಯಿಯನ್ನೇ ಮುಗಿಸಿದಾಗ ಪಟ್ಟಿ ತಟ್ಟನೆ ಖಾಲಿಯಾಯಿತು. ತಾಯಿಯನ್ನು ಮತ್ತೆ ಹೊರಡಿಸಿದಳು, ಕೆಲಸ ಸಾಗಿತು, ಸ್ವಲ್ಪ ಹೊತ್ತಿಗೆ ಪಟ್ಟಿ ಮತ್ತೆ ತುಂಬಿತು. ಅವತ್ತು ದಿನವಿಡೀ ಅವಳಿಗೆ ತಾಯಿಯನ್ನು ಕೊಲ್ಲುವುದು, ಬದುಕಿಸುವುದು, ಇದೇ ಆಯಿತು. ಆಫೀಸಿನ ಯಜಮಾನರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಅವರಿಗೆ ಗಡಿಯಾರ ನೋಡುವುದು ಬಿಟ್ಟು ಬೇರೆ ಉಪಾಯ ಯಾವತ್ತೂ ಹೊಳೆದದ್ದಿಲ್ಲ.

ಮಾರನೆಯ ಬೆಳಿಗ್ಗೆ ಅವಳು ದಪ್ಪನೆಯ ಕೈಪಿಡಿ ಬಿಚ್ಚಿ ಕೂತಳು. ವಿಷಯ ಸರಳವಾಗಿತ್ತು. ಮಗು ಕೆಲಸ ಮುಗಿಸಿ ಹೋಗುವಾಗ ಒಂದೇ ಒಂದು ಸಣ್ಣ ಅಂಕಿ ಬಿಟ್ಟುಹೋಗುತ್ತದೆ. ಸೊನ್ನೆಯಾದರೆ ಎಲ್ಲ ಸುಸೂತ್ರ, ಬೇರೆ ಅಂಕಿಯಾದರೆ ಏನೋ ತೊಂದರೆ. ತಾಯಿ ಬಂದು ‘ಏನಾಯ್ತು?’ ಎಂದು ಕೇಳಿ ಆ ಅಂಕಿ ತೆಗೆದುಕೊಳ್ಳುವವರೆಗೆ ಯಂತ್ರ ಮಗುವಿನ ಹೆಸರನ್ನು ಅಳಿಸುವುದಿಲ್ಲ. ಗಾಳಿ ಬರೆದ ತಾಯಿ ಮಕ್ಕಳನ್ನು ಹೊರಡಿಸಿದ್ದೇ ಹೊರಡಿಸಿದ್ದು. ಒಂದರ ಕಡೆಗೂ ತಿರುಗಿ ನೋಡಿರಲಿಲ್ಲ.

ಕೈಪಿಡಿಯಲ್ಲಿ ಪರಿಹಾರಗಳೂ ಇದ್ದವು. ಒಂದು ವಿಚಿತ್ರವಾಗಿತ್ತು: ತಾಯಿ ಹೆತ್ತ ಮಗು ತಕ್ಷಣ ಒಂದು ಮೊಮ್ಮಗುವನ್ನು ಹೆತ್ತು ತಾನು ಹೊರಟುಬಿಡಬೇಕು, ಆ ಮಗುವಿನ ಸುದ್ದಿಯನ್ನು ತಾಯಿ ಆಗಲೇ ಕೇಳಿ ಮುಗಿಸಬಹುದು. ಅನಾಥವಾದ ಮೊಮ್ಮಗುವನ್ನು ಯಂತ್ರದ ಮೊಟ್ಟಮೊದಲ ಪ್ರೋಗ್ರಾಂ, ಎಲ್ಲರ ಮುತ್ತಜ್ಜ, ಸಾಕಿಕೊಳ್ಳುತ್ತದೆ, ಕೊನೆಗೆ ಅದರ ಹೆಸರನ್ನೂ ಅಳಿಸುತ್ತದೆ. ಗಾಳಿ ಇದನ್ನು ಗಟ್ಟಿಯಾಗಿ ಓದಿದಾಗ ಅತ್ತೆ “ಥೂ, ಎಂಥ ಸಂಸಾರವೇ ಇದು!” ಎಂದರು. ಇನ್ನೊಂದು ಪರಿಹಾರ ಇದಕ್ಕಿಂತ ಸುಲಭ, ಒಂದೇ ಸಾಲು. ‘ನನ್ನ ಮಕ್ಕಳು ಮುಗಿಸಿದ ಸುದ್ದಿ ನನಗೆ ಬೇಡ’ ಎಂದು ತಾಯಿ ಮೊದಲೇ ಯಂತ್ರಕ್ಕೆ ಹೇಳಿಬಿಟ್ಟರೆ, ಮಗು ಸತ್ತ ಕ್ಷಣವೇ ಯಂತ್ರ ಹೆಸರು ಒರೆಸಿಹಾಕುತ್ತದೆ. ಅವಳು ಆ ಸಾಲು ಸೇರಿಸಿದಳು. ಪಟ್ಟಿ ಗುಡಿಸಿದ ಅಂಗಳದ ಹಾಗೆ ಚೊಕ್ಕವಾಯಿತು.

“ಅಲ್ಲಮ್ಮ,” ಎಂದರು ಮಾವ, ಬೆರಳು ಹಾಳೆಯ ಮೇಲೇ ಇತ್ತು. “ಸುದ್ದಿ ಬೇಡ ಅಂದ್ಯಲ್ಲ, ಏನಾದ್ರೂ ಎಡವಟ್ಟಾದ್ರೆ?”

“ಆಗಲ್ಲ ಮಾವ.”

“ಸರಿ ಹಾಗಾದ್ರೆ,” ಎಂದು ಮಾವ ಅತ್ತೆಯ ಕಡೆ ತಿರುಗಿದರು. “ನೀನು ಓದು. ಅಲ್ಪವಿರಾಮ ನುಂಗಬೇಡ.”

ಅಲ್ಲಿಂದ ಮುಂದೆ ಯಂತ್ರಗಳು ನಿಲ್ಲಲಿಲ್ಲ. ಆ ದಿನಗಳನ್ನು ನೆನೆದರೆ ಈಗಲೂ ಅವಳ ಮೈ ಬೆಚ್ಚಗಾಗುತ್ತದೆ. ದಪ್ಪ ಹಾಳೆಯ ವಾಸನೆ, ಪುಸ್ತಕ ಹೊಲಿಯುವವರ ಹಾಡು, ಊಟದ ಡಬ್ಬಿಗಳನ್ನು ಎಲ್ಲರೂ ಒಂದೇ ಮೇಜಿನ ಮೇಲೆ ಬಿಚ್ಚಿ ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈಹಾಕುವುದು. ಮಾವನಿಗೆ ಎಲ್ಲ ಪಾಠಗಳನ್ನೂ ತಿದ್ದಲು ಪುರುಸೊತ್ತು ಸಿಗಲಿಲ್ಲ. ಅರ್ಧಕ್ಕೆ ಯಜಮಾನರು “ಸಾಕು, ಹೊಲಿಯಿರಿ” ಎಂದರು. ವ್ಯಾನು ಹೊರಟಿತು. ಎಲ್ಲರೂ ಬಾಗಿಲಿಗೆ ಬಂದು ಮದುವೆ ದಿಬ್ಬಣ ಕಳಿಸಿದ ಹಾಗೆ ಕೈಬೀಸಿದರು. ಮಾವ ವ್ಯಾನು ತಿರುಗಿದ ಮೇಲೂ ಬೀಸುತ್ತಲೇ ಇದ್ದರು. ಅತ್ತೆ ಅವರ ಕೈಹಿಡಿದು ಇಳಿಸಿದರು.

ಫೋನು ಬಂದದ್ದು ಪರೀಕ್ಷೆಗೆ ಎರಡು ದಿನವಿದೆ ಎನ್ನುವಾಗ. ದೂರದ ಒಂದು ಹಾಸ್ಟೆಲಿನ ಹುಡುಗಿ. ಮಾವನಿಗೆ ಆ ದನಿ ಗುರುತಿತ್ತು. ಪುಸ್ತಕ ಸಿಕ್ಕಿದಾಗಲೆಲ್ಲ ಫೋನು ಮಾಡಿ ಯಾವ ಪುಟದಲ್ಲಿ ಯಾವ ಚುಕ್ಕಿ ಮಾಸಿದೆಯೆಂದು ವರದಿ ಒಪ್ಪಿಸುವವಳು. ಅವಳಿಗೆ ಮಾವ ಇಟ್ಟ ಹೆಸರು ಹರಟೆಮಲ್ಲಿ. ಒಮ್ಮೆ ಫೋನು ಹಿಡಿದರೆ ವಾರ್ಡನ್ ಬಂದು ಕಿತ್ತುಕೊಳ್ಳಬೇಕು. ಅವತ್ತು ಮಾತ್ರ ಅವಳು ಹೆಚ್ಚು ಮಾತಾಡಲಿಲ್ಲ.

“ಒಂಬತ್ತನೇ ಪಾಠ ಆದಮೇಲೆ ಹನ್ನೊಂದಿದೆ,” ಎಂದಳಂತೆ. “ಹತ್ತು ಎಲ್ಲಿ? ನಮ್ಮ ಹಾಸ್ಟೆಲಲ್ಲಿ ಯಾರ ಪುಸ್ತಕದಲ್ಲೂ ಇಲ್ಲ.”

ಮಾವ ಅದನ್ನು ಹೇಳಿದ ಕೂಡಲೇ ಗಾಳಿ ಮೂಲ ಪುಸ್ತಕ ಎಳೆದುಕೊಂಡು ನೋಡಿದಳು. ಹತ್ತನೆಯದು ಶಾಖದ ಪಾಠ, ಪುಸ್ತಕದಲ್ಲೇ ಉದ್ದವಾದದ್ದು. ಪುಟಸಂಖ್ಯೆ ಪ್ರತಿ ಪಾಠಕ್ಕೂ ಹೊಸದಾಗಿ ಶುರುವಾಗುತ್ತಿದ್ದುದರಿಂದ ಹೊಲಿಗೆಯವರಿಗೂ ಗೊತ್ತಾಗಿರಲಿಲ್ಲ. ಅವಳು ಕಂಪ್ಯೂಟರಿನಲ್ಲಿ ಹುಡುಕಿದಳು. ಹತ್ತನೆಯ ಪಾಠವನ್ನು ತಿರುಗಿಸಲು ಹೋದ ಮಗು ನಡುವೆಯೇ ಸೋತು ಸತ್ತಿತ್ತು. ಸಾಯುವಾಗ ಸೊನ್ನೆಯಲ್ಲದ ಅಂಕಿಯೊಂದನ್ನು ಹಿಡಿದು ನಿಂತಿರಲೇಬೇಕು. ಆದರೆ ತಾಯಿಗೆ ಸುದ್ದಿ ಬೇಡವಾಗಿತ್ತಲ್ಲ, ಯಂತ್ರ ಹೆಸರನ್ನೂ ಅಂಕಿಯನ್ನೂ ಒಟ್ಟಿಗೇ ಒರೆಸಿ ಕೈತೊಳೆದುಕೊಂಡಿತ್ತು. ಬೈಯಲು ಬೇರೆ ಯಾರೂ ಸಿಗಲಿಲ್ಲ. ಅವಳು ಮುಖ ಮುಚ್ಚಿಕೊಂಡು ಅತ್ತಳು, ಬಿಕ್ಕಿಬಿಕ್ಕಿ ಅತ್ತಳು.

“ಅಳೋದಾದ್ರೆ ಬೇಗ ಅತ್ತು ಮುಗಿಸು,” ಎಂದರು ಅತ್ತೆ, ತಲೆ ಸವರುತ್ತ. “ಕೆಲಸ ಬಿದ್ದಿದೆ.”

ಗಾಳಿ ಆ ಒಂದು ಸಾಲನ್ನು ಕಿತ್ತೆಸೆದಳು. ಮುತ್ತಜ್ಜನ ದಾರಿಯನ್ನೂ ನೆನೆದಳು; ಆದರೆ ಮುತ್ತಜ್ಜ ಮೊಮ್ಮಕ್ಕಳ ಸುದ್ದಿ ಕೇಳಿಸಿಕೊಂಡು ಅಲ್ಲೇ ಮರೆಯುವವನು, ಯಾರಿಗೂ ದಾಟಿಸುವವನಲ್ಲ. ಬೇಕಿದ್ದದ್ದು ಕಿವಿಯಿರುವ ತಾಯಿ. ಮಗು ಮುಗಿಸಿದಾಗ ಯಂತ್ರ ತಾಯಿಗೆ ಒಂದು ಗಂಟೆ ಹೊಡೆಯುತ್ತದೆ. ಗಂಟೆ ಕೇಳಿದ ಕೂಡಲೇ ತಾಯಿ ಕೈಯಲ್ಲಿದ್ದ ಕೆಲಸ ಒಂದು ಕ್ಷಣ ಬಿಟ್ಟು, ಬಾಗಿಲಿಗೆ ಬಂದು, ಮಗುವಿನ ಅಂಕಿ ಕೇಳಿ ಬರೆದುಕೊಂಡು ವಾಪಸಾಗಬೇಕು. ಹಾಗೆಂದು ಬಾಗಿಲಲ್ಲೇ ಕಾಯುತ್ತ ನಿಲ್ಲಬಾರದು. ನಿಂತರೆ ಬೆರಳಚ್ಚಿನವರು ಮತ್ತೆ ಉಗುರು ನೋಡಿಕೊಳ್ಳಬೇಕಾಗುತ್ತದೆ. ಅವಳು ಹಾಗೇ ಬರೆದು, ಇಡೀ ಪುಸ್ತಕವನ್ನು ಮತ್ತೊಮ್ಮೆ ತಿರುಗಿಸಲು ಬಿಟ್ಟಳು. ನೋಡಿದರೆ ಪಟ್ಟಿಯಲ್ಲಿ ಇನ್ನೂ ಕೆಲವು ಜೋಂಬಿಗಳು ಉಳಿದಿವೆ!

ಅವಳು ತಲೆ ಕೆರೆದುಕೊಂಡಳು, ಕೈಪಿಡಿಯ ಸಣ್ಣಕ್ಷರಗಳಲ್ಲಿ ಮೂಗು ತೂರಿಸಿದಳು. ಎರಡು ಮೂರು ಮಕ್ಕಳು ಒಟ್ಟಿಗೇ ಮುಗಿಸಿದರೆ ಯಂತ್ರ ಎಲ್ಲಕ್ಕೂ ಸೇರಿ ಒಂದೇ ಗಂಟೆ ಹೊಡೆದುಬಿಡಬಹುದು. ಒಂದು ಗಂಟೆಗೆ ಒಂದೇ ಮಗುವನ್ನು ವಿಚಾರಿಸಿ ತಾಯಿ ಒಳಗೆ ಹೋದರೆ, ಪಕ್ಕದಲ್ಲಿ ನಿಂತವು ನಿಂತೇ ಇರುತ್ತವೆ. ಗಂಟೆ ಒಂದೇ ಆದರೂ ಬಾಗಿಲಲ್ಲಿ ಯಾರೂ ಉಳಿದಿಲ್ಲ ಎನ್ನುವವರೆಗೆ ‘ಇನ್ನಾರಿದ್ದೀರಿ, ಇನ್ನಾರಿದ್ದೀರಿ’ ಎಂದು ಕೇಳುತ್ತಲೇ ಇರಬೇಕು. ಅಷ್ಟನ್ನು ತಿದ್ದಿದ ಮೇಲೆ ಪಟ್ಟಿ ಖಾಲಿಯಾಯಿತು. ಪರದೆಯ ಮೇಲೆ ಒಂದೊಂದೇ ಪಾಠದ ಸುದ್ದಿ ಇಳಿಯತೊಡಗಿತು. ಒಂದು, ಸೊನ್ನೆ. ಎರಡು, ಸೊನ್ನೆ. ಹತ್ತರ ಮುಂದೆ ಮಾತ್ರ ಬೇರೆ ಅಂಕಿ. ಹುಡುಕಿದರೆ, ತಿರುಗಿಸುವಾಗ ತಾತ್ಕಾಲಿಕವಾಗಿ ಬರೆದಿಡುವ ಜಾಗ ಆ ಉದ್ದನೆಯ ಪಾಠಕ್ಕೆ ಸಾಲುತ್ತಿರಲಿಲ್ಲ. ಪಾಪದ್ದು, ಕೇಳಿದ್ದರೆ ಮೊದಲ ದಿನವೇ ಹೇಳುತ್ತಿತ್ತು. ಅವಳು ಹಳೆಯ ಕಸವನ್ನೆಲ್ಲ ಅಳಿಸಿ ಜಾಗ ಮಾಡಿಕೊಟ್ಟಳು. ಹತ್ತು, ಸೊನ್ನೆ.

ಆಲಿಕಲ್ಲಿನ ಸದ್ದು ಮತ್ತೆ ಶುರುವಾಯಿತು. ಈ ಸಲ ಮಾವ ಪೂರ್ತಿ ತಿದ್ದದೆ ಒಂದು ಹಾಳೆಯನ್ನೂ ಬಿಡಲಿಲ್ಲ. ಹತ್ತಿರದ ಹಾಸ್ಟೆಲುಗಳಿಗೆ ವ್ಯಾನು ಹೋಯಿತು. ಹರಟೆಮಲ್ಲಿಯ ಹಾಸ್ಟೆಲು ಇನ್ನೊಂದು ದಿಕ್ಕಿನಲ್ಲಿತ್ತು.

“ಪಾರ್ಸಲ್ ಹಾಕಿ ಬಸ್ಸಿಗೆ ಕೊಡಿ, ತಲುಪತ್ತೆ,” ಎಂದರು ಯಜಮಾನರು ಗಡಿಯಾರ ನೋಡುತ್ತ.

“ತಲುಪಿತೋ ಇಲ್ವೋ ಅಂತ ನಮಗೆ ಹೇಗೆ ಗೊತ್ತಾಗತ್ತೆ?” ಎಂದಳು ಗಾಳಿ. ಕಟ್ಟನ್ನು ಎದೆಗವಚಿಕೊಂಡು ಎದ್ದಳು. “ಮಾವ, ಅತ್ತೆ, ನಾನು ಹೊರಟೆ.”

“ಅಬ್ಬಾ!” ಎಂದರು ಮಾವ. “ಬಾಯಿ ಬಂತು.”

ಬಸ್ಸು ಹಳ್ಳದಿಣ್ಣೆಯಲ್ಲಿ ಕುಲುಕಿದಾಗಲೆಲ್ಲ ಚುಕ್ಕಿಗಳು ಅಪ್ಪಚ್ಚಿಯಾದಾವೆಂದು ಅವಳು ಕಟ್ಟನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಪಕ್ಕದ ಹೆಂಗಸು “ಏನಮ್ಮ, ಗಾಜಿನ ಸಾಮಾನಾ?” ಎಂದು ಕೇಳಿದಳು. “ಶಾಖ,” ಎಂದಳು ಗಾಳಿ. ಆಕೆ ಆಮೇಲೆ ಸ್ವಲ್ಪ ದೂರವೇ ಕೂತಳು.

ಹಾಸ್ಟೆಲು ತಲುಪಿದಾಗ ಸಂಜೆ ಬಿಸಿಲು ಇನ್ನೂ ಇತ್ತು. ವಾರ್ಡನ್ ಕರೆದ ಕೂಡಲೇ ಹುಡುಗಿಯರು ಗೋಡೆ ಸವರುತ್ತ ಓಡಿಬಂದರು. ಹರಟೆಮಲ್ಲಿಯನ್ನು ತೋರಿಸಿಕೊಡಬೇಕಾಗಲಿಲ್ಲ, ಎಲ್ಲರಿಗಿಂತ ಮೊದಲು ಕೈಚಾಚಿದವಳು ಅವಳೇ. ತೆಳ್ಳನೆಯ ಹುಡುಗಿ, ಎರಡು ಬಿಗಿ ಜಡೆ. ಹಾಳೆಯನ್ನು ಮೂಸಿ, “ಇನ್ನೂ ಬಿಸಿ ಇದೆ,” ಎಂದು ನಕ್ಕಳು. ಮೆಟ್ಟಿಲ ಮೇಲೆ ಕೂತು ಓದತೊಡಗಿದಳು. ಮಾತಿನ ಮಲ್ಲಿ ಬೆರಳಿಟ್ಟರೆ ಮೌನಗೌರಿ. ಗಾಳಿ ಕಂಬಕ್ಕೊರಗಿ ಆ ಬೆರಳುಗಳನ್ನೇ ನೋಡಿದಳು. ಇಷ್ಟು ದಿನ ಮುದ್ರಣಾಲಯದಲ್ಲಿದ್ದರೂ ಓದುವ ಮಕ್ಕಳನ್ನು ಅವಳು ನೋಡಿದ್ದು ಅವತ್ತೇ ಮೊದಲು.

ಆ ರಾತ್ರಿ ವಾರ್ಡನ್ ಅವಳಿಗೆ ಮಲಗಲು ಜಾಗ ಕೊಟ್ಟರು. ಬೆಳಿಗ್ಗೆ ವಾಪಸು ಬಸ್ಸಿತ್ತು. ಪುಸ್ತಕ ಮುಟ್ಟಿಸಿಯಾಗಿತ್ತು, ರಜೆ ಹೇಳಿರಲಿಲ್ಲ, ಹೊರಡಬೇಕಿತ್ತು. ಆದರೆ ಹುಡುಗಿಯರು ಸಾಲಾಗಿ ಕೈಹಿಡಿದುಕೊಂಡು ಪರೀಕ್ಷೆಯ ಶಾಲೆಗೆ ಹೊರಟಾಗ ಅವಳ ಕಾಲು ಬಸ್‌ಸ್ಟ್ಯಾಂಡಿನ ಕಡೆ ಏಳಲಿಲ್ಲ. ಅವರ ಹಿಂದೆಯೇ ಹೋದಳು. ಬಸ್ಸು ಹೋದ ಸದ್ದು ಶಾಲೆಯ ಗೇಟಿಗೇ ಕೇಳಿಸಿತು.

ಗೇಟಿನ ಹೊರಗೆ ಊರಿನ ಮಕ್ಕಳ ಅಪ್ಪ ಅಮ್ಮಂದಿರು ಕೊಡೆ, ನೀರಿನ ಬಾಟಲಿ ಹಿಡಿದು ನಿಂತಿದ್ದರು. ಗಾಳಿ ಅವರ ನಡುವೆ ನಿಂತಳು. ಶಾಖದ ಪಾಠದಿಂದ ದೊಡ್ಡ ಪ್ರಶ್ನೆ ಬಂದಿರುತ್ತದೆಯೇ, ಒಂದೇ ರಾತ್ರಿಯಲ್ಲಿ ಆ ಹುಡುಗಿ ಎಷ್ಟು ಓದಿಕೊಂಡಾಳು, ಬರೆಯಲಾಗದಿದ್ದರೆ ಪಾಪ ಯಾರಿಗೆ ಅಂಟುತ್ತದೆ ಎಂದು ಅವಳ ತಲೆ ಗಿರಗಿರ ತಿರುಗುತ್ತಿತ್ತು. ಕೊನೆಯ ಗಂಟೆ ಹೊಡೆದಾಗ ಗೇಟಿನ ಹತ್ತಿರಕ್ಕೆ ಸರಿದಳು. ಊರಿನ ಮಕ್ಕಳು ನುಗ್ಗಿ ಬಂದು ತಂತಮ್ಮವರಿಗೆ ಆತುಕೊಂಡು, ಎಲ್ಲರೂ ಒಟ್ಟಿಗೇ ಮಾತಾಡುತ್ತ ಚದುರಿದರು. ಹಾಸ್ಟೆಲಿನ ಹುಡುಗಿಯರು ಕೊನೆಗೆ ಬಂದರು. ಅವರು ಯಾರನ್ನೂ ಹುಡುಕುತ್ತಿರಲಿಲ್ಲ.

ಗಾಳಿ ಹೋಗಿ ಹರಟೆಮಲ್ಲಿಯ ತೋಳು ಮುಟ್ಟಿದಳು. “ಏನಾಯ್ತು?”

“ಯಾರು?”

“ನಾನು, ಪ್ರೆಸ್ಸಿನವಳು. ನಿನ್ನೆ ಪಾಠ ತಂದವಳು. ಪರೀಕ್ಷೆ ಏನಾಯ್ತು?”

ಹುಡುಗಿಯ ಹುಬ್ಬು ಮೇಲೇರಿತು. “ಶಾಖದ ಪಾಠದಿಂದ ಒಂದೇ ಒಂದು ಪ್ರಶ್ನೆ ಬಂದಿಲ್ಲ!” ಎಂದಳು. “ಒಂದೂ ಇಲ್ಲ! ರಾತ್ರಿಯೆಲ್ಲ ಓದಿದ್ದು ದಂಡ!”

ಗಾಳಿಗೆ ನಗು ಒತ್ತರಿಸಿ ಬಂತು. ಆ ಮುಷ್ಕರ, ಆ ಅಳು, ಆ ಬಸ್ಸು, ಮಾವನ ಬೆರಳು ಸವೆದದ್ದು, ಎಲ್ಲ ಬಾರದೇ ಹೋದ ಒಂದು ಪ್ರಶ್ನೆಗಾಗಿ. ಹುಡುಗಿಯೂ ನಕ್ಕಳು. ನಡುರಸ್ತೆಯಲ್ಲಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೂ ಹರಟೆಮಲ್ಲಿ ಅವಳ ಕೈ ಬಿಡಲಿಲ್ಲ. ಏನೋ ಹೇಳಲು ಬಾಯಿ ತೆರೆದು, ಜಡೆಯ ತುದಿ ಸುತ್ತತೊಡಗಿದಳು.

“ಯಾಕೆ, ಹೇಳು,” ಎಂದಳು ಗಾಳಿ. “ಉಳಿದದ್ದೆಲ್ಲ ಏನಾಯ್ತು? ಹೇಗೆ ಬರೆದೆ?”

“ಅಲ್ಲ,” ಎಂದಳು ಹುಡುಗಿ. ಅವಳ ದನಿ ಸಣ್ಣದಾಗಿತ್ತು. “ಪರೀಕ್ಷೆ ಮುಗಿಸಿ ಬಂದಾಗ ಎಲ್ಲರನ್ನೂ ಅವರವರ ಮನೆಯವರು ಕೇಳ್ತಾರಲ್ಲ, ನಾನು ಆ ಸದ್ದು ಕೇಳ್ಕೊಂಡು ಸೀದಾ ರೂಮಿಗೆ ಹೋಗ್ತಿದ್ದೆ. ನನ್ನನ್ನ ಯಾರೂ ಕೇಳಿಲ್ಲ. ಹೇಳೋದನ್ನ ಎಲ್ಲಿಂದ ಶುರು ಮಾಡ್ತಾರೆ?”

ಗಾಳಿ ಅವಳನ್ನು ಕರೆದುಕೊಂಡು ಹೋಗಿ ಶಾಲೆಯ ಕಟ್ಟೆಯ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು.

“ಮೊದಲನೇ ಪ್ರಶ್ನೆಯಿಂದ,” ಎಂದಳು.